ಸನ್ಮಾನಕ್ಕೆ ಕೈಗೆ ಸಿಗದ ದಾನಿಗಳ ಮೇಲೊಂದು ದೂರು

ಗೆ,
ಕಾರ್ಯದರ್ಶಿಗಳು,
ಮ್ಯಾಂಚೆಸ್ಟರಿನ ಒಂದು ಕುಟುಂಬದ ಖಾಸಗಿ ದತ್ತಿ ಸಂಸ್ಥೆ
(ಯಾವ ಕುಟುಂಬ ಎಂದು ಬರೆಯುವಂತಿಲ್ಲ. ದೂರು ಇರುವುದೇ ಅದರ ಬಗ್ಗೆ.)

ಮಾನ್ಯರೇ,

ಸಮಸ್ತ ಕನ್ನಡಿಗರ ಅವಗಾಹನೆಗೆ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ಸ್ಟಾಕ್‌ಪೋರ್ಟಿನ ನಮ್ಮ ಕನ್ನಡ ಕೂಟದ ಬೀರುವಿನಲ್ಲಿ ಒಂದು ಶಾಲು ಕಳೆದ ರಾಜ್ಯೋತ್ಸವದಿಂದ ಮಡಿಕೆ ಬಿಚ್ಚದೆ ಬಿದ್ದಿತ್ತು. ನಿಮಗೆ ಇದು ಸಣ್ಣ ಸಂಗತಿ ಅನಿಸಬಹುದು. ನಮ್ಮಲ್ಲಿ ಶಾಲಿಗೆ ಕೊರತೆ ಬಿದ್ದದ್ದುಂಟು, ಹೊದಿಸಿಕೊಳ್ಳುವ ಭುಜಕ್ಕೆ ಎಂದೂ ಬಿದ್ದಿಲ್ಲ. ಒಮ್ಮೆ ಹಿಮ ಬಿದ್ದು ಮುಖ್ಯ ಅತಿಥಿಗಳು ಲೀಡ್ಸಿನಾಚೆಯೇ ಸಿಕ್ಕಿಹಾಕಿಕೊಂಡಾಗ, ಮೈಕು ರಿಪೇರಿಗೆ ಬಂದಿದ್ದಾತನಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದವರು ನಾವು. ಆತ ಇಂದಿಗೂ ನಮ್ಮ ಮೈಕನ್ನು ಪುಕ್ಕಟೆ ನೋಡಿಕೊಳ್ಳುತ್ತಾನೆ. ಇಂಥ ಸಂಸ್ಥೆಯ ಶಾಲು ಅನಾಥವಾದದ್ದು ತಮ್ಮಿಂದ. ತಾವು ನಮಗೆ ಒಂದು ವ್ಯಾನು ಕೊಟ್ಟಿರಿ, ಸನ್ಮಾನ ಮಾತ್ರ ಒಲ್ಲೆವೆಂದಿರಿ. ಇದು ನನ್ನ ದೂರು.

ಇದು ಬಹಿರಂಗ ಪತ್ರ. ಆದರೆ ಕನ್ನಡದಲ್ಲಿದೆ, ಆದ್ದರಿಂದ ತಮ್ಮ ಮಟ್ಟಿಗೆ ಗುಪ್ತವಾಗಿಯೇ ಉಳಿಯುತ್ತದೆ. ಇಂಗ್ಲಿಷ್ ಪ್ರತಿಯನ್ನು ಅಂಚೆಯಲ್ಲಿ ಹಾಕುತ್ತೇನೆ, ವ್ಯಂಗ್ಯ ತೆಗೆದು. ಯಹೂದಿ ಕುಟುಂಬ ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಉತ್ತರ ಮ್ಯಾಂಚೆಸ್ಟರಿನಲ್ಲಿ ಅಂಥ ಮನೆಗಳು ಬೀದಿ ಬೀದಿಯಲ್ಲಿವೆ, ಬಾಯಿಬಿಟ್ಟಂತಾಗಲಿಲ್ಲ.

ಹಿನ್ನೆಲೆ ತಿಳಿಯದ ಓದುಗರಿಗಾಗಿ ಸ್ವಲ್ಪ ಹೇಳಬೇಕು. ಇಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವ ಡಾಕ್ಟರುಗಳ ಅಪ್ಪ ಅಮ್ಮಂದಿರು ನಮ್ಮ ಕೂಟದಲ್ಲಿ ಬಹಳ ಮಂದಿ. ಮಗ ರೋಟಾದ, ಅಂದರೆ ಪಾಳಿ ಪಟ್ಟಿಯ ಮೇಲೆ, ಸೊಸೆ ಇನ್ನೊಂದು ರೋಟಾದ ಮೇಲೆ. ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಮಂಗಳವಾರ ಮಧ್ಯಾಹ್ನ ಹಳೆಯ ಚರ್ಚೊಂದರ ಸಭಾಂಗಣದಲ್ಲಿ ನಾವು ಇವರಿಗೆಲ್ಲ ಊಟ ಹಾಕುತ್ತೇವೆ. ಕೇಳಿದ ಭಾಷೆಯಲ್ಲೇ ಉತ್ತರ ಸಿಗುವುದು ಇವರಿಗೆ ವಾರದಲ್ಲಿ ಅದೊಂದೇ ದಿನ. ನಮ್ಮತ್ತೆ ಪ್ರಭಾವತಮ್ಮನವರು, ಅಂದರೆ ನನ್ನ ಹೆಂಡತಿ ಹೇಮಲತಾಳ ತಾಯಿ, ಸೋಮವಾರ ರಾತ್ರಿಯೇ ಸೀರೆ ಮಡಿಸಿಟ್ಟುಕೊಳ್ಳುತ್ತಾರೆ. ಸಭಾಂಗಣದ ಕಡೆಗಿದ್ದ ಬಸ್ಸು ನಿಂತುಹೋದ ಮೇಲೆ ಆ ಸೀರೆ ಮಡಿಸಿದಂತೆಯೇ ಉಳಿಯಿತು. ಇಡೀ ಚಳಿಗಾಲ ಅವರು ನಮ್ಮ ಮನೆಯ ಸೋಫಾದಲ್ಲಿ ಕೂತು ನನ್ನೊಬ್ಬನನ್ನೇ ನೋಡುತ್ತಿದ್ದರು. ಸ್ವಾರ್ಥಿ ಅನ್ನಿ ಬೇಕಾದರೆ, ವ್ಯಾನಿಗಾಗಿ ಅರ್ಜಿ ಬರೆದವನು ನಾನೇ.

ತಾವು ಕೊಟ್ಟಿರಿ. ಮಂಡಿ ಬಗ್ಗದವರನ್ನು ಎತ್ತಿಕೊಳ್ಳುವ ಲಿಫ್ಟಿನ ಸಮೇತ, ಡ್ರೈವರನ ಸಂಬಳದ ಸಮೇತ, ವರ್ಷಕ್ಕೊಮ್ಮೆ ಮುಂದುವರಿಸುವ ಮಾತಿನ ಸಮೇತ. ಷರತ್ತು ಒಂದೇ: ದಾನಿಗಳ ಹೆಸರು ವ್ಯಾನಿನ ಮೇಲಾಗಲಿ, ಗೋಡೆಯ ಮೇಲಾಗಲಿ, ಫೇಸ್‌ಬುಕ್ಕಿನಲ್ಲಾಗಲಿ, ವಂದನಾರ್ಪಣೆಯಲ್ಲಾಗಲಿ ಬರಕೂಡದು.

ಮಾನ್ಯರೇ, ಈ ಒಂದು ಸಾಲಿನಿಂದ ಒಂದು ಸಂಸ್ಕೃತಿಯ ಬುಡಕ್ಕೆ ಏನು ಮಾಡಿದಿರೆಂದು ತಮಗೆ ಗೊತ್ತೇ? ನಮ್ಮ ಅಡುಗೆಮನೆಗೆ ಬಂದು ನೋಡಿ. ಸಾರಿನ ಸೌಟಿನ ಮೇಲೆ ಒಬ್ಬರ ಹೆಸರು ಕೊರೆದಿದೆ, ಅದನ್ನಿಡುವ ತಟ್ಟೆಯ ಮೇಲೆ ಅವರ ಷಡ್ಡಕನದು. ಕುಕ್ಕರು ಶೆಫೀಲ್ಡಿನ ಡಾಕ್ಟರೊಬ್ಬರ ಕೊಡುಗೆ. ಅದರ ಗ್ಯಾಸ್ಕೆಟ್ಟು ಹೋದಾಗ ಹೊಸದು ಕೊಡಿಸಿದ ಮಹನೀಯರ ಹೆಸರನ್ನು ರಬ್ಬರಿನ ಮೇಲೆ ಕೊರೆಯಲಾಗದ್ದರಿಂದ ಪ್ರತಿ ಯುಗಾದಿಗೂ ವೇದಿಕೆಯಿಂದ ಘೋಷಿಸುತ್ತೇವೆ. ಗ್ಯಾಸ್ಕೆಟ್ಟಿಗೆ ಇಷ್ಟಾದರೆ ವ್ಯಾನಿಗೆ ಎಷ್ಟಾಗಬೇಕು? ಹೆಸರು ಬೇಡವೆಂಬ ದಾನ ಶುರುವಾದರೆ ಸೌಟು ಕೊಟ್ಟವರ ಗತಿಯೇನು? ಅವರೆಲ್ಲ ಈಗ ನಮ್ಮನ್ನು ಒಂಥರಾ ನೋಡುತ್ತಿದ್ದಾರೆ.

ಆಮೇಲೆ ತಮ್ಮ ಮಂಡಳಿಯ ಹಿರಿಯ ಸದಸ್ಯೆಯೊಬ್ಬರು, ಆ ಮನೆಯವರೇ, ವ್ಯಾನು ಹೇಗೆ ನಡೆದಿದೆಯೆಂದು ನೋಡಲು ಒಂದು ಮಂಗಳವಾರ ಬಂದರು. ಅವರು ಕೋಶರ್ ಊಟದವರು, ಅಂದರೆ ತಮ್ಮ ಧರ್ಮದ ಕಟ್ಟಳೆಯಂತೆ ಮಾಡಿದ್ದನ್ನಷ್ಟೇ ಉಣ್ಣುವವರು ಎಂದು ಮೊದಲೇ ತಿಳಿದಿತ್ತು. ಕೋಶರ್ ಎಂದರೆ ಈರುಳ್ಳಿ ಬೆಳ್ಳುಳ್ಳಿ ಹಾಕದ್ದು ಎಂದು ನಮ್ಮ ಸಮಿತಿ ಬಹುಮತದಿಂದ ತೀರ್ಮಾನಿಸಿತು. ಅಡುಗೆಯ ಹೊಣೆ ಹೊತ್ತ ವಿಜಯಪುರದ ಮಹಾದೇವಿಯವರು ಹೊಸ ಪಾತ್ರೆ ತರಿಸಿ ಕೋಸಂಬರಿ, ಕೇಸರಿಬಾತು, ಪಲ್ಯ ಎಲ್ಲ ಮಾಡಿ ಬಡಿಸಲು ನಿಂತರು. ಬಂದಾಕೆ ಹಳೆಯ ಮಳೆಕೋಟು ಕಳಚಿ, ಎಲ್ಲವನ್ನೂ ನೋಡಿ, ಬಹಳ ಚೆನ್ನಾಗಿ ಕಾಣುತ್ತಿದೆ ಎಂದು ಹೊಗಳಿ, ಗೊನೆಯಿಂದ ಒಂದು ಬಾಳೆಹಣ್ಣು ಮುರಿದುಕೊಂಡು ಕೂತರು. ಅವರ ಎದುರಿಗೆ, ಮಡಿಯಲ್ಲಿ ಬೇಯಿಸದ್ದನ್ನು ಮುಟ್ಟದ ನಮ್ಮತ್ತೆ, ಕೈಯಲ್ಲಿ ಒಂದು ಬಾಳೆಹಣ್ಣು ಹಿಡಿದು ಮೊದಲೇ ಕೂತಿದ್ದರು. ಇಬ್ಬರೂ ಒಬ್ಬರ ಹಣ್ಣನ್ನೊಬ್ಬರು ನೋಡಿಕೊಂಡರು.

"ಏನಂತೆ ಇವರಿಗೆ?" ಅತ್ತೆ ಕೇಳಿದರು.

"ಅದು ಅವರ ಆಚಾರ ಅತ್ತೆ. ಹೊರಗೆ ಬೇಯಿಸಿದ್ದು ತಿನ್ನಲ್ಲ."

"ಇವರಾದ್ರೆ ಆಚಾರ, ನಾನಾದ್ರೆ ಹಟ. ಅಲ್ವೇ ಅಳಿಯಂದಿರೆ?"

ನಾನು ಕೇಸರಿಬಾತಿನ ಕಡೆ ತಿರುಗಿದೆ. ಅತ್ತೆ ಬಿಡಲಿಲ್ಲ. "ಹೆಸರು ಯಾಕೆ ಬೇಡ ಅಂತಾರೆ, ಕೇಳಿ. ಕೊಟ್ಟೋರ ಹೆಸರು ಗೊತ್ತಿಲ್ಲದೆ ನಾನು ಯಾರಿಗೆ ಒಳ್ಳೇದಾಗ್ಲಿ ಅಂತ ದೇವರ ಹತ್ರ ಹೇಳೋದು?"

ಅನುವಾದಿಸಿದೆ. ಆಕೆ ಸಿಪ್ಪೆಯನ್ನು ಅಂದವಾಗಿ ಮಡಿಸಿಟ್ಟು ಹೇಳಿದ್ದು ಇಷ್ಟು. ಅವರ ತಾತ ಹುಡುಗನಾಗಿದ್ದಾಗ ಪೂರ್ವ ಯುರೋಪಿನಿಂದ ಉಟ್ಟ ಬಟ್ಟೆಯಲ್ಲಿ ಲೀಡ್ಸಿಗೆ ಬಂದವರು. ಚಳಿಗಾಲಕ್ಕೆ ಯಾವುದೋ ಧರ್ಮಸಂಸ್ಥೆಯವರು ಕೋಟು ಕೊಟ್ಟರು. ಬಡವರು ಅದನ್ನು ಅಡವಿಟ್ಟುಬಿಟ್ಟಾರು ಎಂಬ ಎಚ್ಚರಿಕೆಯಿಂದ ಬೆನ್ನ ಮೇಲೆ ಸಂಸ್ಥೆಯ ಹೆಸರನ್ನು ದೊಡ್ಡದಾಗಿ ಮುದ್ರೆ ಹೊಡೆದಿದ್ದರು. ಶಾಲೆಯ ಹುಡುಗರು ಹಿಂದಿನಿಂದ ಅದನ್ನು ಗಟ್ಟಿಯಾಗಿ ಓದುತ್ತ ಬರುತ್ತಿದ್ದರು. ತಾತ ಇಂಗ್ಲಿಷಿನಲ್ಲಿ ಮೊದಲು ಓದಲು ಕಲಿತ ಮಾತು ಅದೇ ಅಂತೆ. ಆತ ದೊಡ್ಡವರಾಗಿ ಮ್ಯಾಂಚೆಸ್ಟರಿನಲ್ಲಿ ಮಳೆಕೋಟಿನ ಕಾರ್ಖಾನೆ ಹಾಕಿದರು, ದುಡ್ಡು ಮಾಡಿದರು, ದತ್ತಿ ಇಟ್ಟರು, ಕೊಟ್ಟದ್ದರ ಮೇಲೆ ಯಾರ ಹೆಸರೂ ಇರಕೂಡದೆಂದು ಬರೆದಿಟ್ಟರು. "ಆದರೆ ಕೋಟು ಬಹಳ ಬೆಚ್ಚಗಿತ್ತು, ಅದನ್ನೂ ತಾತ ಹೇಳುತ್ತಿದ್ದರು" ಎಂದು ಆಕೆ ಕೊನೆಗೆ ಸೇರಿಸಿದರು. ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಅತ್ತೆ ಇನ್ನೊಂದು ಬಾಳೆಹಣ್ಣು ಮುರಿದು ಅವರ ಮುಂದಿಟ್ಟರು.

ಆ ದಿನ ನಮ್ಮ ಅಧ್ಯಕ್ಷರಾದ ಡಾ. ಈಶ್ವರಪ್ಪನವರು ಅಲ್ಲಿದ್ದಿದ್ದರೆ ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಅವರು ಇಳಕಲ್ಲಿಗೆ ಹೋಗಿದ್ದರು. ಬರುವಾಗ ಒಂದು ಕಲ್ಲು ತಂದರು. ಅಸಲಿ ಇಳಕಲ್ಲಿನ ಕೆಂಪು ಗ್ರಾನೈಟು, ಎರಡೂ ಬದಿ ಪಾಲಿಶು, ಅದರ ಮೇಲೆ ಉಬ್ಬಕ್ಷರದಲ್ಲಿ ತಮ್ಮ ಕುಟುಂಬದ ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕನ್ನಡದಲ್ಲಿ ಆ ಹೆಸರು ಬಹಳ ದುಂಡಗೆ ಕಾಣುತ್ತದೆ, ಹೇಳದಿರಲಾರೆ. ವಿಮಾನದವರು ಕೊಟ್ಟ ತೂಕವನ್ನೆಲ್ಲ ಕಲ್ಲೇ ತಿಂದದ್ದರಿಂದ ಡಾಕ್ಟರು ನಾಲ್ಕು ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು ಬಂದಿಳಿದರು. ಜೀವಮಾನವಿಡೀ ಈ ದೇಶದ ಮೂಳೆ ನೆಟ್ಟಗೆ ಮಾಡಿ ನಿವೃತ್ತರಾದವರು ಕಲ್ಲಿದ್ದ ಪೆಟ್ಟಿಗೆ ಎತ್ತಿ ತಮ್ಮದೇ ಸೊಂಟ ಉಳುಕಿಸಿಕೊಂಡರು. ಮಲಗಿದಲ್ಲಿಂದಲೇ ಕಲ್ಲಿನ ಫೋಟೋ ತೆಗೆಸಿ ಫೇಸ್‌ಬುಕ್ಕಿಗೆ ಹಾಕಿಸಿದರು.

ಅದೇ ವಾರ ತಮ್ಮ ಪತ್ರ ಬಂತು. ಕಲ್ಲು ಗೋಡೆಗೇರಿದರೆ ಮುಂದಿನ ವರ್ಷದ ವ್ಯಾನಿನ ಬಗ್ಗೆ ಮಂಡಳಿ ವಿಷಾದದಿಂದ ಮರುಯೋಚಿಸಬೇಕಾದೀತು ಎಂದು. ಈ ದೇಶದಲ್ಲಿ ವಿಷಾದದಿಂದ ಯೋಚಿಸುತ್ತೇವೆ ಎಂದರೆ ಏನರ್ಥವೆಂದು ನಮಗೆ ಗೊತ್ತಿಲ್ಲವೇ? ಫೋಟೋ ಅಳಿಸಿ ಸಭೆ ಕರೆದೆವು. ಈಶ್ವರಪ್ಪನವರು ಸಾಮಾನ್ಯವಾಗಿ ಸಭೆಯಲ್ಲಿ ಬೆಂಗಳೂರು ಕನ್ನಡ ಆಡುವವರು. ಸಿಟ್ಟು ಬಂದರೆ ಊರಿಗೆ ಮರಳುತ್ತಾರೆ.

"ಹೆಸರಿಲ್ದ ವ್ಯಾನಿನಾಗ ಓಡಾಡಿದ್ರ ಮಂದಿ ಏನಂತಾರ್ರೀ? ಕದ್ದು ತಂದಾರ ಅಂತಾರ. ಕಲ್ಲು ಏರಬೇಕು, ಇಲ್ಲಾ ವ್ಯಾನೇ ಬ್ಯಾಡ."

"ಹಂಗಾರ ಮಂಗಳವಾರ ಅಜ್ಜಿದೇರು ನಿಮ್ಮ ಕಲ್ಲಿನ ಮ್ಯಾಲೆ ಕುಂತು ಬರ್ತಾರೇನ್ರೀ ಡಾಕ್ಟರ್ ಸಾಹೇಬ್ರ?" ಮಹಾದೇವಿಯವರು ಅಡುಗೆಮನೆಯ ಬಾಗಿಲಿಂದಲೇ ಕೇಳಿದರು.

"ನೀವು ಸುಮ್ನಿರ್ರಿ ಯಕ್ಕಾ. ಒಂದು ಸೌಟಿಗೆ ಹೆಸರು ಹಾಕ್ತೀವಿ. ಉಪಕಾರ ಮರೆತೋರು ಅನಿಸ್ಕೋಬೇಕೇನು?"

ಒಪ್ಪಿಕೊಳ್ಳುತ್ತೇನೆ, ಡಾಕ್ಟರು ಹೇಳಿದ್ದು ಸುಳ್ಳಲ್ಲ. ಪಡೆದವರಿಗೂ ಒಂದು ಮಾನವಿದೆ, ಥ್ಯಾಂಕ್ಸ್ ಹೇಳಲು ಬಿಡದಿದ್ದರೆ ಅದು ಎಲ್ಲಿ ಹೋಗಿ ಕೂರಬೇಕು? ಮತಕ್ಕೆ ಹಾಕೋಣವೆಂದು ಯಾರೋ ಅಂದರು. ಆಗ ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ ಎದ್ದರು. ಅವರ ಬಲಮಂಡಿ, ಓದುಗರು ಗಮನಿಸಬೇಕು, ಈಶ್ವರಪ್ಪನವರು ಕೆಲಸದಲ್ಲಿದ್ದಾಗ ತಾವೇ ಬದಲಾಯಿಸಿ ಕೂರಿಸಿದ್ದು.

"ಡಾಕ್ಟ್ರೇ, ಈ ಮಂಡಿ ನೀವು ಹಾಕಿದ್ದಲ್ವೇ?"

"ಹೌದ್ರೀ ಅಮ್ಮಾ. ಚೆನ್ನಾಗಿದೆ ತಾನೆ?"

"ಚೆನ್ನಾಗಿದೆ. ಅದರ ಮೇಲೆ ನಿಮ್ಮ ಹೆಸರು ಕೊರೆದಿದ್ದೀರಾ?"

ಉತ್ತರಕ್ಕೆ ಕಾಯದೆ ಅತ್ತೆ ಕೋಟಿನ ಕಥೆ ಹೇಳಿದರು, ಬೆನ್ನ ಮೇಲಿನ ಮುದ್ರೆಯಿಂದ ಹಿಡಿದು ಬೆಚ್ಚಗಿತ್ತು ಎಂಬವರೆಗೆ. ನಾನು ಅನುವಾದಿಸಿದ್ದಕ್ಕಿಂತ ಚೆನ್ನಾಗಿಯೇ ಹೇಳಿದರು. "ಮಂಗಳವಾರ ಆ ವ್ಯಾನು ಹತ್ತುವಾಗ ನಾನು ಯಾರ ಹಂಗಿನವಳು ಅಂತ ಬೀದಿಯವರು ಓದೋದು ಬೇಡ ಡಾಕ್ಟ್ರೇ" ಎಂದು ಕೂತರು.

ಅಧ್ಯಕ್ಷರು ಬಹಳ ಹೊತ್ತು ಸೊಂಟದ ಪಟ್ಟಿ ಸರಿಮಾಡಿಕೊಂಡರು. "ಮಂಡಿ ಮ್ಯಾಲೆ ಹಾಕಬೇಕಿತ್ತು ನೋಡ್ರಿ" ಎಂದರು ಕೊನೆಗೆ, "ಮರತೆ."

ಕಲ್ಲು ಗೋಡೆಗೇರಿಲ್ಲ. ಆದರೆ ಅಷ್ಟು ದೂರದಿಂದ, ಸೊಂಟ ಉಳುಕಿಸಿಕೊಂಡು ತಂದದ್ದನ್ನು ಎಸೆಯಲಾದೀತೇ? ಮಹಾದೇವಿಯವರು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮಗುಚಿ ಹಾಕಿಕೊಂಡು, ಪ್ರತಿ ಮಂಗಳವಾರ ಅದರ ಬೆನ್ನಿನ ಮೇಲೆ ಜೋಳದ ರೊಟ್ಟಿ ತಟ್ಟುತ್ತಾರೆ. ಹೆಸರು ಕೆಳಗೆ, ರೊಟ್ಟಿ ಮೇಲೆ. ಸೌಟು ಕೊಟ್ಟವರಿಗೂ ಸಮಾಧಾನ, ಏಕೆಂದರೆ ಅಡುಗೆಮನೆಯಲ್ಲಿ ಓದಲು ಸಿಗುವುದು ಈಗಲೂ ಅವರ ಹೆಸರುಗಳೇ. ಶಾಲನ್ನು ಬೀರುವಿನಿಂದ ತೆಗೆದು ವ್ಯಾನಿನಲ್ಲಿಟ್ಟಿದ್ದೇವೆ. ಆ ದಿನ ಯಾರ ಕಾಲಿಗೆ ಹೆಚ್ಚು ಚಳಿಯೋ ಅವರಿಗೆ ಸನ್ಮಾನ.

ಆದ್ದರಿಂದ ನನ್ನ ಹಕ್ಕೊತ್ತಾಯ: ವ್ಯಾನು ನಿಲ್ಲಿಸಬೇಡಿ. ತಮ್ಮ ಷರತ್ತು ಈಗ ನಮ್ಮ ಅಡುಗೆಮನೆಯಲ್ಲಿ ಅಕ್ಷರಶಃ ಮಗುಚಿಕೊಂಡು ಪಾಲನೆಯಾಗುತ್ತಿದೆ. ಅನುಮಾನವಿದ್ದರೆ ಆ ಮಳೆಕೋಟಿನ ಹಿರಿಯರನ್ನೇ ಮತ್ತೆ ಒಂದು ಮಂಗಳವಾರ ಕಳಿಸಿ, ಪರೀಕ್ಷಿಸಲಿ. ಅವರ ಪಾಲಿನ ಬಾಳೆಹಣ್ಣನ್ನು ನಮ್ಮತ್ತೆ ಯಾರಿಗೂ ಮುಟ್ಟಲು ಬಿಡುತ್ತಿಲ್ಲ, ನನಗೂ.

ಬರುವಾಗ ಒಂದು ಸಣ್ಣ ಉಪಕಾರವಾಗಬೇಕು. ಉಬ್ಬಕ್ಷರಗಳ ಮೇಲೆ ನಿಂತಿರುವುದರಿಂದ ಕಲ್ಲು ರೊಟ್ಟಿ ತಟ್ಟುವಾಗ ಒಂದು ಮೂಲೆಯಲ್ಲಿ ಅಲ್ಲಾಡುತ್ತದೆ, ಮಹಾದೇವಿಯವರ ರೊಟ್ಟಿ ಒಂದೇ ಕಡೆ ದಪ್ಪವಾಗುತ್ತಿದೆ. ಮೂಲೆಗಳಡಿ ಇಡಲು, ಕುರ್ಚಿ ಕಾಲಿಗೆ ಹಾಕುವಂಥ ರಬ್ಬರ್ ಬಿರಡೆ ನಾಲ್ಕು ತಂದುಕೊಡಿ. ಕೊಟ್ಟವರು ಯಾರೆಂದು ಎಲ್ಲಿಯೂ ಹೇಳುವುದಿಲ್ಲ.

ಇಂತಿ,
ಹೆಸರಿಲ್ಲದೆ ಬರೆಯಬೇಕೆಂದು ಹೊರಟು, ಅಭ್ಯಾಸಬಲದಿಂದ ಕೊನೆಗೂ ಹಾಕಿಬಿಟ್ಟ,
ಇಂದುಶೇಖರ
ಜಂಟಿ ಕಾರ್ಯದರ್ಶಿ ಹಾಗೂ ಪ್ರಭಾವತಮ್ಮನವರ ಅಳಿಯ
ಸ್ಟಾಕ್‌ಪೋರ್ಟ್