ನಾಜಲ್ ಊದುವ ಬಾಯಿ

ಕಿರುಗಾವಲು
14-9-2025

ಮಗಾ ಶೋಭಿತಾ,

ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿದವನ ಕೈಗೆ ಪೆನ್ನು ಕೊಟ್ಟಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ? ಗದ್ದೆ ಔಷಧಿಯ ಸಂಗತಿ ಫೋನಿನಲ್ಲಿ ಹೇಳಿದರೆ "ಬಾಯ್ಮಾತು ಮಂಡಳಿ ಮುಂದೆ ನಿಲ್ಲಲ್ಲ ದೊಡ್ಡಪ್ಪ, ಬರ್ದು ಕಳ್ಸು" ಅಂದೆ. ನಾಟಿ ಮುಗಿದು ಕಳೆ ಎದ್ದಿತ್ತು, ಅದಕ್ಕೇ ತಡವಾಯಿತು. ಬೈಯಬೇಡ. ಚೆನ್ನಾಗಿರು.

ನೀನು ಕೂತಿರುವ ಮಂಡಳಿ ಏನು ಮಾಡುತ್ತದೆ ಎಂದು ನಿನ್ನ ತಮ್ಮ ಅಂಬರೀಶ ಬಿಡಿಸಿ ಹೇಳಿದ. ವಿಜ್ಞಾನಿಗಳೆಲ್ಲ ಸೇರಿ ಪರೀಕ್ಷೆಯ ವರದಿಗಳನ್ನು ಓದಿ, ಈ ವಿಷ ಇಷ್ಟು ಕೆಡುಕು ಎಂದು ಸರ್ಕಾರಕ್ಕೆ ಹೇಳುತ್ತೀರಂತೆ. ನಿಲ್ಲಿಸುವುದು, ಬಿಡುವುದು ಸರ್ಕಾರದ ಕೈಲಿ.

"ಹಂಗಾರೆ ನಮ್ ನೀರುಗಂಟಿ ಇದ್ದಂಗೆ ಕಣ್ಲಾ. ನೀರು ಸಾಲ್ದು ಅಂತ ಕೂಗ್ಬೋದು, ನಾಲೆಗೆ ಬುಡೋರು ಬ್ಯಾರೆ" ಅಂದೆ.

"ಕೂಗೋರೇ ಇಲ್ದಿದ್ರೆ ಬುಡೋರ್ಗೆ ಗೊತ್ತಾಗದೆಂಗೆ ದೊಡ್ಡಪ್ಪ?" ಅಂದ. ಮೂತಿ ನೋಡು ಅವನದು! ಆದರೂ ಮಾತು ಸರಿ.

ನಾವು ಹೊಡೆಯುವ ಈ ಕಳೆ ಸಾಯಿಸುವ ಔಷಧಿಗೆ ಕೈಗವಸು ಹಾಕಿಕೊಂಡರೆ ಸಾಕು, ನಿಲ್ಲಿಸಬೇಕಾಗಿಲ್ಲ ಎಂದು ಕಂಪನಿಯವರು ನಿಮ್ಮ ಮುಂದೆ ವಾದಿಸುತ್ತಿದ್ದಾರಂತೆ. ಗದ್ದೆಯಲ್ಲಿ ನಡೆಯುವುದನ್ನು ಕೇಳು. ಔಷಧಿ ಹೊಡೆಯುವ ಪಂಪಿನ ತುದಿಯ ಸಣ್ಣ ತೂತಿನ ಮೂತಿ, ನಾಜಲ್, ಆಗಾಗ ಕಟ್ಟಿಕೊಳ್ಳುತ್ತದೆ. ಬಿಚ್ಚಿ, ಬಾಯಿಗಿಟ್ಟು ಊದುತ್ತಾರೆ. ಪಕ್ಕದ ಗದ್ದೆಯ ನಾಗಯ್ಯನಿಗೆ ಉಗಿದರೆ "ಪೀಪಿ ಊದ್ದಂಗೆ ಊದ್ತೀನಿ, ನುಂಗ್ತೀನಾ?" ಅನ್ನುತ್ತಾನೆ.

ಮೊನ್ನೆ ಮಧ್ಯಾಹ್ನ ಹೊಂಗೆ ನೆರಳಲ್ಲಿ ಒರಗಿದ್ದೆ. ಔಷಧಿಯ ಹನಿ ಬಿಸಿಲಿನಲ್ಲಿ ಮಂಜಿನಂತೆ ತೇಲುತ್ತಿತ್ತು, ಅದರೊಳಗೆ ತುಂಡು ಕಾಮನಬಿಲ್ಲು. ನೋಡುತ್ತಾ ನೋಡುತ್ತಾ ಕಣ್ಣು ಹತ್ತಿತು. ನಿಮ್ಮ ಮಂಡಳಿಯವರೆಲ್ಲ ಪ್ಯಾಂಟು, ಸೀರೆ ಮೇಲೆತ್ತಿ ನಾಲೆಯಲ್ಲಿ ಕಾಲು ಇಳಿಬಿಟ್ಟು ಸಾಲಾಗಿ ಕೂತಿದ್ದಿರಿ. ನೀರು ಹರಿಯುತ್ತಿತ್ತು, ಸದ್ದಿರಲಿಲ್ಲ. ಕೊಕ್ಕರೆಗಳು ರೆಕ್ಕೆ ಬಡಿಯದೆ ನಿಮ್ಮ ತಲೆಯ ಮೇಲೆ ತೇಲುತ್ತಿದ್ದವು. ಪೈರು ಬಾಗಿ ಏನೋ ಹೇಳುತ್ತಿತ್ತು. ನೀವು ಕಿವಿಗೊಟ್ಟು ತಲೆಯಾಡಿಸುತ್ತಿದ್ದಿರಿ. ನಾನೂ ಕೇಳೋಣವೆಂದು ಬಗ್ಗಿದೆ, ಎಚ್ಚರವಾಯಿತು.

ಮುತ್ತತ್ತಿರಾಯ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ದೊಡ್ಡಪ್ಪ,
ಮರಿಸಿದ್ದಯ್ಯ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಮನಸ್ಸು ಬರಲಿಲ್ಲ. ನೀನು ಕಳಿಸಿದ ಕೈಗವಸನ್ನು ಅಂಬರೀಶ ತಪ್ಪದೆ ಹಾಕಿಕೊಳ್ಳುತ್ತಾನೆ. ಗವಸಿನ ಕೈಗೆ ನಾಜಲ್ ಬಿಚ್ಚಲು ಬರುವುದಿಲ್ಲ. ಅವನ ಹಿಂದೆ ನೀರು ಹೊತ್ತು ನಡೆಯುವ ನಿನ್ನ ಅವ್ವ ಚಲುವಮ್ಮನೇ ಬರಿಗೈಲಿ ಬಿಚ್ಚಿ, ಊದಿ ಕೊಡುತ್ತಿದ್ದಳು. ಈಗ ಅವಳ ಕೈಯಲ್ಲಿ ಲೋಟ ನಿಲ್ಲುವುದಿಲ್ಲ, ಅಷ್ಟು ನಡುಕ. ಮಂಡ್ಯದ ಡಾಕ್ಟರು ಔಷಧಿಯಿಂದ ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ.

ಸ್ವಂತ ಮನೆಯವರಿಗೆ ತೊಂದರೆಯಾಗಿದ್ದರೆ ಅದನ್ನು ಹೇಳಿ ಕುರ್ಚಿ ಬಿಟ್ಟು ಏಳಬೇಕು ಎಂಬುದು ನಿಮ್ಮ ಮಂಡಳಿಯ ಕಟ್ಟಳೆಯಂತೆ. ಅದಕ್ಕೇ ಅವಳು "ನನ್ ಮಗ್ಳು ಅಲ್ಲಿ ಕುಂತಿರ್ಲಿ ಭಾವ, ನನ್ ಸುದ್ದಿ ಎತ್ಬ್ಯಾಡಿ" ಎಂದು ಆಣೆ ಹಾಕಿಸಿಕೊಂಡಳು. ಆ ಆಣೆ ಮುರಿದೆ. ಮುಚ್ಚಿಟ್ಟುಕೊಂಡು ಕೂತು ನೀನು ಏನು ಹೇಳಿದರೂ ಕಂಪನಿಯವರು ನಾಳೆ ಅದನ್ನೇ ಹಿಡಿದು ಎಳೆಯುತ್ತಾರೆ. ಎದ್ದುಬಿಡು. ಈ ಕಾಗದ ಉಳಿದವರ ಮುಂದೆ ಇಡು. ಏಳುತ್ತೀಯೋ ಇಲ್ಲವೋ, ಇಪ್ಪತ್ತೈದನೇ ತಾರೀಖಿನೊಳಗೆ ನನಗೆ ಉತ್ತರ ಬರಬೇಕು.