ಶಾಲುಬಾಯಿಯ ಕರುಳು

ಮೈಲೂರ, ಬೀದರ
೧೮ ಫೆಬ್ರುವರಿ ೨೦೨೪

ಪ್ರೀತಿಯ ಮಾಣಿಕನಿಗೆ, ನಿನ್ನ ಅಪ್ಪನ ಜೈ ಭೀಮ.

ಆರೋಗ್ಯ ಹೇಗಿದೆ? ಪುಣೆಯಲ್ಲಿ ಸಿಮೆಂಟಿನ ಕೆಲಸ ಎಂದಿದ್ದೆ. ಕೈ ಬಿರಿದರೆ ಕೊಬ್ಬರಿ ಎಣ್ಣೆ ಹಚ್ಚಿಕೊ, ಚಿಕ್ಕವನಿದ್ದಾಗಿನಂತೆ ನೋವು ಮುಚ್ಚಿಟ್ಟುಕೊಳ್ಳಬೇಡ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಪುಣೆಗೆ ಲಾರಿ ಹೊಡೆಯುವ ಪಕ್ಕದ ಮನೆಯ ಖಾಜಾ ಮಿಯಾನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮಳೆಯಿಲ್ಲದೆ ಈ ವರ್ಷ ತೊಗರಿ ಕೈಗೆ ಬರಲಿಲ್ಲ. ನೀನು ಕೆಲಸಕ್ಕಿದ್ದ ಭಾಲ್ಕಿಯ ದಾಲ್ ಮಿಲ್ಲಿಗೆ ಇನ್ನೂ ಬೀಗವೇ. ಇಲ್ಲಿ ಟ್ಯಾಂಕರ್ ಬಂದ ದಿನ ನೀರು. ನನಗೆ ಮೊಣಕಾಲು ನೋವು, ಬೇರೇನಿಲ್ಲ.

ಇನ್ನು ನಿನ್ನ ಹೆಂಡತಿಯ ವಿಷಯ. ತಿರುಚಿಕೊಂಡು ಕಪ್ಪಾಗಿದ್ದ ಸಣ್ಣ ಕರುಳನ್ನು ಕತ್ತರಿಸಿ ತೆಗೆದ ಮೇಲೆ ಶಾಲುಬಾಯಿಗೆ ಉಳಿದದ್ದು ಮೊಳದಷ್ಟು. ಏನು ತಿಂದರೂ ಮೈಗೆ ಹತ್ತದೆ, ರಾತ್ರಿಯೆಲ್ಲ ನಳಿಕೆಯಲ್ಲಿ ಇಳಿಸುವ ಆಹಾರದ ಸಲೈನಿನ ಮೇಲೇ ಜೀವ ಹಿಡಿದಿದ್ದಳು. "ಅಪ್ಪಾ, ನನ್ನಿಂದ ನೋಡ್ಲಿಕ್ಕಾಗಲ್ಲ" ಎಂದು ನೀನು ಬಸ್ಸು ಹತ್ತಿದೆ. ನಾನು ಬೈಯಲಿಲ್ಲ. ದವಾಖಾನೆ ಹತ್ತಿರವಿರಲಿ ಎಂದು ಭಾಲ್ಕಿಯ ಮನೆ ಬಿಟ್ಟು ಇಲ್ಲಿ ಒಂದು ಖೋಲಿ ಹಿಡಿದೆ. ಮಾವನಾದವನು ಸೊಸೆಯ ಎದೆಯ ಬಳಿಯ ನಳಿಕೆ ಒರೆಸಬೇಕಲ್ಲ, ಮೊದಮೊದಲು ಇಬ್ಬರೂ ಗೋಡೆ ನೋಡುತ್ತಿದ್ದೆವು. ಈಗ ಅವಳೇ, "ಲಗೂನ ಮುಗಸ್ರಿ ಮಾವಾ, ಥಂಡಿ ಹತ್ಲಿಕತ್ತದ" ಅನ್ನುತ್ತಾಳೆ.

ದೀಪಾವಳಿ ಕಳೆದ ಮೇಲೆ ಹೈದರಾಬಾದಿನ ದೊಡ್ಡ ದವಾಖಾನೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಹೆಬ್ಬೆರಳಿನಷ್ಟಿರುವ ಒಂದು ಗುಳಿಗೆ ತೋರಿಸಿದರು. ಅದರೊಳಗೆ ಒತ್ತಿಟ್ಟ ಸ್ಪ್ರಿಂಗ್. ಅದನ್ನು ಕರುಳಿನೊಳಗಿಟ್ಟು ಜಾರದಂತೆ ಹೊಲಿಗೆ ಹಾಕುತ್ತಾರೆ. ಮೇಲಿನ ಹೊದಿಕೆ ಕರಗಿದಂತೆ ಸ್ಪ್ರಿಂಗ್ ಮೆಲ್ಲಗೆ ಬಿಚ್ಚಿಕೊಂಡು ಕರುಳನ್ನು ಎಳೆಯುತ್ತದೆ, ಎಳೆದಂತೆ ಕರುಳು ಬೆಳೆಯುತ್ತದಂತೆ. ಹಂದಿಗಳಲ್ಲಿ ಆಗಿದೆ, ಮನುಷ್ಯರಲ್ಲಿ ಈಗಷ್ಟೇ ಪರೀಕ್ಷೆ ಮಾಡುತ್ತಿದ್ದೇವೆ, ಕರುಳು ಹರಿಯಲೂಬಹುದು, ಭರವಸೆ ಕೊಡಲಾರೆ ಎಂದರು. ನಾನು ಹೊರಗೆ ಬಂದು ನಿನಗೆ ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ನನಗೆ ಧೈರ್ಯ ಸಾಲಲಿಲ್ಲ, ಮನೆಗೆ ಹೋಗೋಣ ಎಂದೆ. ಶಾಲು ಒಪ್ಪಲಿಲ್ಲ. "ಹರದ್ರ ಹರೀಲಿ. ಹಿಂಗ ಸಲೈನ್ ಮ್ಯಾಲೆ ಎಷ್ಟ್ ವರ್ಷ ಮಲಗ್ಲಿರಿ?"

ಇಟ್ಟರು. ಮೊದಲ ಕೆಲವು ದಿನ ನೋವಿಗೆ ನನ್ನ ಅಂಗಿಯ ತೋಳು ಹಿಡಿದುಕೊಂಡೇ ಇರುತ್ತಿದ್ದಳು. ಆಮೇಲೆ ಜ್ವರ ಬಂತು, ಅದೂ ಇಳಿಯಿತು. ಹೋದ ತಿಂಗಳು ಸ್ಪ್ರಿಂಗ್ ತೆಗೆದು ನೋಡಿದರೆ ಆ ತುಂಡು ಹತ್ತಿರ ಹತ್ತಿರ ದುಪ್ಪಟ್ಟಾಗಿದೆ, ಆದರೆ ಸಾಲದು, ಇನ್ನೊಮ್ಮೆ ಇಡಬೇಕು ಎಂದರು. ಕುಣಿದಾಡುವ ಸುದ್ದಿಯೇನಲ್ಲ. ಆದರೂ ಮೊನ್ನೆ ಜೋಳದ ನುಚ್ಚು ತಿಂದಳು, ಅದು ಹೊಟ್ಟೆಯಲ್ಲಿ ನಿಂತಿತು. ವಾರಕ್ಕೊಂದು ರಾತ್ರಿ ಸಲೈನಿಲ್ಲದೆ ಮಲಗುತ್ತಾಳೆ. ಆ ರಾತ್ರಿ ನಾನೂ ಮಲಗುತ್ತೇನೆ.

ಬಿಸಿಲಲ್ಲಿ ತಲೆಗೆ ಟವೆಲ್ ಕಟ್ಟಿಕೊ, ಊಟ ಬಿಡಬೇಡ. ನೀನು ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಪ್ಪ,
ಕಾಶೀರಾಮ

ತಾ.ಕ.: ಖಾಜಾ ಮಿಯಾ ಗಾಡಿ ಶುರು ಮಾಡಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ವಾರ ಔರಾದಿನಿಂದ ಇಬ್ಬರು ಬಂದಿದ್ದರು, ನಿನಗೆ ಹೆಣ್ಣು ಕೊಡುವ ಮಾತಿಗೆ. ನೀನೇ ಹೂಂ ಅಂದಿದ್ದೀಯಂತೆ. ಒಳಗಿದ್ದ ಶಾಲು ಎಲ್ಲ ಕೇಳಿಸಿಕೊಂಡಳು. ತಾನೇ ಚಹಾ ಮಾಡಿ ತಂದು ಅವರ ಮುಂದಿಟ್ಟು, "ಅವ್ರು ಬಂದು ನನ್ನ ಮುಂದ ಹೇಳ್ಲಿ. ನಾ ಅಳಂಗಿಲ್ಲ" ಎಂದಳು. ಬಂದವರು ಚಹಾ ಮುಗಿಸದೆ ಎದ್ದು ಹೋದರು. ಅದು ನಿಜವಾಗಿದ್ದರೆ ಬಂದು ಹೇಳು. ಹೋಳಿ ಮುಗಿದ ಮೇಲೆ ಎರಡನೇ ಸ್ಪ್ರಿಂಗ್ ಇಡುತ್ತಾರೆ, ಮನೆಯವರೊಬ್ಬರು ಜೊತೆಗಿರಬೇಕಂತೆ. ಗಂಡ ಬರುತ್ತಾರಾ ಎಂದು ಡಾಕ್ಟರಮ್ಮ ಕೇಳಿದರು. ಗೊತ್ತಿಲ್ಲ, ಅವಳ ತಂದೆ ನಾನಿದ್ದೇನೆ ಎಂದೆ.