ಹಲಸಿನ ಬುಡದಲ್ಲಿ ಹೂತ ಬೆರಳು

ಪಿರಿಯಾಪಟ್ಟಣ
೧೧ ಜುಲೈ ೨೦೨೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಶಿಕಾರಿಪುರದ ಕಡೆ ಮಳೆ ಬಿಡುವು ಕೊಟ್ಟಿದೆಯೇ, ಶುಂಠಿಗೆ ಕೊಳೆರೋಗ ತಗುಲಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಗ್ಯಾಸ್ಟ್ರಿಕ್ ನನಗೆ ಗೊತ್ತು. ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಯಿತು, ಇನ್ನು ಬೈಯುವುದಷ್ಟೇ ಬಾಕಿ. ಫೋನಿನಲ್ಲಿ ಬೈದರೆ ಸಿಗ್ನಲ್ ಇಲ್ಲ ಕಣೇ ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ.

ಅತ್ತಿಗೆ ನಿನಗೆ, ತನ್ನ ಕೈಗೆ ಚೂರು ಗಾಯ ಅಂತಷ್ಟೇ ಹೇಳಿದ್ದಾಳೆ. ಸುಳ್ಳು. ಬಲಗೈ ತೋರುಬೆರಳು ಎರಡನೇ ಗೆಣ್ಣಿನಿಂದ ಹೋಗಿದೆ. ಕಳೆದ ಶುಕ್ರವಾರ ಬೆಳಿಗ್ಗೆ ಹಸುಗಳಿಗೆ ಜೋಳದ ಕಡ್ಡಿ ಕತ್ತರಿಸುವಾಗ ಮೇವಿನ ಮಿಷನ್ನು ಕಡ್ಡಿಯ ಜೊತೆಗೆ ಬೆರಳನ್ನೂ ಎಳೆದುಕೊಂಡಿತು. ಇಲ್ಲಿನ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಅವತ್ತು ನನ್ನದೇ ನರ್ಸ್ ಡ್ಯೂಟಿ. ನಮ್ಮೂರಿನ ಮಂಚಯ್ಯನ ಆಟೋ ಬಂದು ನಿಂತಿತು, ಅವ್ವ, ಅತ್ತಿಗೆ ಇಳಿದರು. ಗಾಯದ ತುಂಬ ಕಾಫಿಪುಡಿ. ಮುಂಗೈಗೆ ಹೊಗೆಸೊಪ್ಪು ಪೋಣಿಸುವ ದಾರ ಬಿಗಿದು ಕೈಯೆಲ್ಲ ನೀಲಿಗಟ್ಟಿತ್ತು. ಎಂಟು ವರ್ಷದಿಂದ ಅದೇ ಟೇಬಲ್ಲಿನ ಮೇಲೆ ಊರೂರಿನವರ ಕೈಯಿಂದ ಕಾಫಿಪುಡಿ ತೊಳೆಯುತ್ತಿದ್ದೇನೆ. ದಾರ ಕಟ್ಟಬೇಡಿ, ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿಕೊಂಡು ಬನ್ನಿ ಎಂದು ಬಂದವರಿಗೆಲ್ಲ ಗಂಟಲು ಹರಿದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು.

ದಾರ ಕತ್ತರಿಸಿ, ಗಾಯ ತೊಳೆಯುತ್ತಾ, ಬೆರಳೆಲ್ಲಿ ಎಂದು ಕೇಳಿದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ಅಲಸಿನ ಮರದ ಬುಡ್ದಾಗೆ ಊತ್ಬುಟ್ಟು ಬಂದೆ ಕಣವ್ವ. ಉಪ್ಪಾಕಿ, ಅರಿಸಿನ ಕುಂಕುಮ ಇಕ್ಕಿ. ಮೈಯಿನ ತುಂಡು, ನಾಯಿ ಗೀಯಿ ಎತ್ಕೊಂಡೋದ್ರೆ?” ಅಂದಳು.

ಅಣ್ಣಾ, ಹೆತ್ತ ತಾಯಿಯ ಮೇಲೆ ರೋಗಿಗಳೆಲ್ಲರ ಎದುರು ಕಿರುಚಾಡಿದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸಿನ ಮೇಲಿಟ್ಟು ತಂದಿದ್ದರೆ ಮೈಸೂರಿನಲ್ಲಿ ಜೋಡಿಸಲು ಪ್ರಯತ್ನವನ್ನಾದರೂ ಮಾಡುತ್ತಿದ್ದರು. ಮಂಚಯ್ಯ ವಾಪಸ್ ಹೋಗಿ ಅಗೆದು ತಂದ. ನಾನೇ ತೊಳೆದೆ. ಉಗುರುಬಣ್ಣ ಇನ್ನೂ ಹಾಗೇ ಇತ್ತು. ಅತ್ತಿಗೆಯ ಜೊತೆ ಮೈಸೂರಿಗೆ ಒಯ್ದಾಗ ಅಲ್ಲಿನ ಡಾಕ್ಟರು ನೋಡಿ, ಮಣ್ಣು, ಉಪ್ಪು ಒಳಗಿಳಿದಿದೆ, ಇದು ಕೂಡುವುದಿಲ್ಲ ಅಂದರು. ಗಾಯ ಮುಚ್ಚಿ ಹೊಲಿಗೆ ಹಾಕಿ ಕಳಿಸಿದರು.

ಈಗ ಊರೆಲ್ಲ ಅವ್ವನನ್ನೇ ಆಡಿಕೊಳ್ಳುತ್ತಿದೆ. ಸೊಸೆಯ ಬೆರಳು ಹೂತವಳು ಅಂತ. ಅವಳು ಸರಿಯಾಗಿ ಊಟ ಮಾಡಿ ಆರು ದಿನವಾಯಿತು. ಅತ್ತಿಗೆ ಗೌರಿಹಬ್ಬಕ್ಕೆ ಹೊಲಿಯಲು ಒಪ್ಪಿಕೊಂಡಿದ್ದ ರವಿಕೆ ಬಟ್ಟೆಗಳನ್ನು ಒಂದೊಂದಾಗಿ ಮನೆಮನೆಗೆ ವಾಪಸ್ ಕೊಟ್ಟು ಬಂದಳು. ಎಡಗೈಯಲ್ಲಿ ಕತ್ತರಿ ಹಿಡಿದು ಹಳೇ ಪೇಪರು ಕತ್ತರಿಸಿ ಅಭ್ಯಾಸ ಮಾಡುತ್ತಿದ್ದಾಳೆ.

ಮಳೆಯಲ್ಲಿ ನೆನೆಯಬೇಡ. ಬೈಯಲೆಂದೇ ಕೂತರೂ ನಿನ್ನ ಒಳಿತನ್ನೇ ಬಯಸುವ ತಂಗಿ,
ಶಾಂತಲಾ

ಕವರು ಅಂಟಿಸುವ ಮೊದಲು: ಮಿಷನ್ನಿನ ಬಾಯಿಗಿದ್ದ ಕಬ್ಬಿಣದ ಗಾರ್ಡು ಅಟ್ಟದ ಮೇಲೆ ಸಿಕ್ಕಿತು. ಯುಗಾದಿಯ ಮಾರನೇ ದಿನ, ಕಡ್ಡಿ ಸಿಕ್ಕಿಕೊಳ್ಳುತ್ತದೆ, ಕೆಲಸ ಸಾಗುವುದಿಲ್ಲ ಎಂದು ನೀನು ಬಿಚ್ಚಿಟ್ಟದ್ದು. ಗಾರ್ಡ್ ಇರಲಿಲ್ಲವೇನಮ್ಮ ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ನನ್ನ ಮುಖ ನೋಡಿ, “ಮೊದ್ಲಿಂದ್ಲೂ ಇರ್ನಿಲ್ಲ ಸಾ, ನನ್ ಗ್ಯಾನ ಎಲ್ಲೋ ಇತ್ತು” ಅಂದಳು. ನಾನೂ ಬಾಯಿ ಬಿಡಲಿಲ್ಲ, ಯಾಕೆಂದರೆ ಅವತ್ತು ನಿನಗೆ ಸ್ಪ್ಯಾನರ್ ತಂದುಕೊಟ್ಟವಳು ನಾನೇ. ಭಾನುವಾರ ಊರಿಗೆ ಬಾ. ಅವ್ವನ ಮುಂದೆ ಕೂತು ಹೇಳು. ನಾನೂ ಪಕ್ಕದಲ್ಲೇ ಕೂರುತ್ತೇನೆ.